ಮಾರಿಷಸ್‌ನಲ್ಲಿ ಅರ್ಧ ದಿನದ ಖಾಸಗಿ ಪ್ರವಾಸ: ಸೇರಿಸುವುದಕ್ಕಿಂತ ಕೈಬಿಡುವುದೇ ಲಾಭ

ಮಾರಿಷಸ್ ಜ್ವಾಲಾಮುಖಿಗಳಿಂದ ಮೂಡಿದ ದ್ವೀಪವೆಂಬುದು ಕಡಲತೀರದ ಹೋಟೆಲಿನಲ್ಲೇ ಉಳಿದವರ ಅರಿವಿಗೆ ಬರುವುದಿಲ್ಲ. ಅದಕ್ಕೆ ಒಳನಾಡಿನ ಎತ್ತರಕ್ಕೆ ಹೋಗಬೇಕು. ಆಗಸ್ಟ್ ತಿಂಗಳಲ್ಲಿ ಚಿಕ್ಕಮಗಳೂರಿನಿಂದ ಅಲ್ಲಿಗೆ ತೆರಳಿದ್ದ ನಾವು, ಮಂಡಿನೋವಿರುವ ಅಮ್ಮನೂ ಜೊತೆಗಿದ್ದ ಕಾರಣ, ಇಡೀ ದಿನ ಸುತ್ತಿಸುವ ಬಸ್ ಪ್ರವಾಸವನ್ನು ಬಿಟ್ಟು, ನಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಐದು ಗಂಟೆಗಳ ಖಾಸಗಿ ಕಾರು ಪ್ರವಾಸವನ್ನು ಸ್ಥಳೀಯ ಸಂಸ್ಥೆಯೊಂದರ ಮೂಲಕ ಕಾದಿರಿಸಿದ್ದೆವು.

ಸಂಸ್ಥೆಯವರು ಮೊದಲು ಕಳುಹಿಸಿದ ಪಟ್ಟಿ ಉದ್ದವಾಗಿತ್ತು. ಹಡಗಿನ ಮಾದರಿಗಳನ್ನು ಮಾರುವ ಕಾರ್ಖಾನೆ, ರಮ್ ತಯಾರಿಕಾ ಘಟಕ, ಬೆಟ್ಟದ ಮೇಲಿನ ದುಬಾರಿ ಊಟ ಎಲ್ಲವೂ ಅದರಲ್ಲಿದ್ದವು. ಇವನ್ನು ತೆಗೆದುಹಾಕುವಂತೆ ವಾಟ್ಸಾಪ್‌ನಲ್ಲಿ ತಿಳಿಸಿದಾಗ ಅವರು ತಕರಾರಿಲ್ಲದೆ ಒಪ್ಪಿದರು. ಈ ಸೇವೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಮೊದಲು ಹೋದದ್ದು ಕ್ಯೂರ್‌ಪೀಪ್ ಪಟ್ಟಣದ ಟ್ರೂ ಓ ಸೆರ್ಫ್ ಎಂಬ ಜ್ವಾಲಾಮುಖಿ ಕುಳಿಗೆ. ಸಮುದ್ರಮಟ್ಟದಿಂದ ಸುಮಾರು 605 ಮೀಟರ್ ಎತ್ತರದಲ್ಲಿರುವ ಈ ಕುಳಿಯ ಒಳಗೋಡೆಗಳ ಮೇಲೆ ಈಗ ಕಾಡು ಬೆಳೆದಿದೆ. ಅಂಚಿನವರೆಗೂ ಕಾರು ಹೋಗುವುದರಿಂದ ವಯಸ್ಸಾದವರಿಗೆ ತೊಂದರೆಯಿಲ್ಲ, ಪ್ರವೇಶ ಶುಲ್ಕವೂ ಇಲ್ಲ. ಮೂಡಿಗೆರೆಯಲ್ಲಿ ಜಡಿಮಳೆ ಹಿಡಿದಿರುವಾಗ ಕಡೂರಿನಲ್ಲಿ ಬಿಸಿಲು ಕಾಯುವಂತೆ, ಪಶ್ಚಿಮ ತೀರ ಬೆಳಗುತ್ತಿದ್ದರೂ ಈ ಮಧ್ಯದ ಪ್ರಸ್ಥಭೂಮಿಯಲ್ಲಿ ಮಂಜು, ತುಂತುರು ಮಳೆ ಸಾಮಾನ್ಯ. ಅಂದು ಮಂಜು ಕವಿದಿದ್ದುದನ್ನು ಕಂಡ ಚಾಲಕರು, ಅದು ಸರಿಯುವವರೆಗೆ ಕಾಯಲು ತಾವಾಗಿಯೇ ಒಪ್ಪಿದರು. ಬಸ್ಸಿನಲ್ಲಿ ಬಂದಿದ್ದರೆ ಕುಳಿಯ ತಳವನ್ನು ನೋಡದೆ ಹೊರಡಬೇಕಾಗುತ್ತಿತ್ತು.

ಗಂಗಾ ತಲಾವ್‌ನಲ್ಲಿ ನಾವು ಹೆಚ್ಚು ಹೊತ್ತು ಕಳೆದೆವು. ಇದು ಕೂಡ ಜ್ವಾಲಾಮುಖಿ ಕುಳಿಯಲ್ಲಿ ನಿಂತ ಸರೋವರ. 2007ರಲ್ಲಿ ಸ್ಥಾಪನೆಯಾದ 33 ಮೀಟರ್ ಎತ್ತರದ ಶಿವನ ಪ್ರತಿಮೆ ಛಾಯಾಚಿತ್ರಗಳಲ್ಲಿ ಪ್ರಸಿದ್ಧವಾದರೂ, ಅಮ್ಮನಿಗೆ ಹಿಡಿಸಿದ್ದು ನೀರಿನ ಅಂಚಿನಲ್ಲಿರುವ ಗುಡಿಗಳು. ಅರ್ಚನೆ ಮಾಡಿಸಲು ಅವರು ಬಯಸಿದಾಗ ಚಾಲಕರು ಗಡಿಯಾರ ನೋಡದೆ ಕಾದರು. ಹಣ್ಣುಕಾಯಿಯ ಚೀಲವನ್ನು ಮಾತ್ರ ಅಲ್ಲಿನ ಕೋತಿಗಳಿಂದ ಕಾಪಾಡಿಕೊಳ್ಳಬೇಕು.

ಬ್ಲ್ಯಾಕ್ ರಿವರ್ ಕಣಿವೆಯ ನೋಟವನ್ನು ಕಾರಿನಿಂದಿಳಿದು ಒಮ್ಮೆ ನೋಡಿ ಮುಂದೆ ಸಾಗಿ ಶಮರೆಲ್ ತಲುಪಿದೆವು. ಇಲ್ಲಿನ ಏಳು ಬಣ್ಣದ ಮಣ್ಣಿನ ಬಗ್ಗೆ ಚಾಲಕರಿಂದ ದೊರೆತ ವಿವರಣೆ ತೀರಾ ತೆಳುವಾಗಿತ್ತು. ಲಾವಾ ಆರಿ ಉಂಟಾದ ಬಸಾಲ್ಟ್ ಶಿಲೆ ಮಳೆ ಬಿಸಿಲಿಗೆ ಶಿಥಿಲಗೊಂಡು ಜೇಡಿಮಣ್ಣಾಗಿ, ಕರಗುವ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದುದರಿಂದ ಈ ಬಣ್ಣಗಳು ಬಂದಿವೆ. ಮೂಲ ಶಿಲೆ ಬೇರೆಯಾದರೂ ನಮ್ಮ ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಕೆಂಪಾದುದಕ್ಕೂ ಇಂಥದೇ ಕಾರಣವಿದೆ. ಇಷ್ಟನ್ನಾದರೂ ಹೇಳಬಲ್ಲವರನ್ನು ಮಾರ್ಗದರ್ಶಿಯೆಂದು ಕರೆಯಬೇಕು. ಮಣ್ಣಿನ ದಿಬ್ಬಗಳ ಮೇಲೆ ನಡೆಯಲು ಅನುಮತಿಯಿಲ್ಲ, ಬೇಲಿಯ ಹೊರಗಿನಿಂದ ನೋಡಬೇಕು. ಮೋಡವಿದ್ದರೆ ಬಣ್ಣಗಳು ಮಂಕಾಗಿ ಕಾಣುತ್ತವೆ. ಶಮರೆಲ್‌ನಲ್ಲಿ ಅರೇಬಿಕಾ ಕಾಫಿ ಬೆಳೆಯುತ್ತಾರೆಂದು ತಿಳಿದು ಒಂದು ಬಟ್ಟಲು ತರಿಸಿ ಕುಡಿದೆವು. ಚೆನ್ನಾಗಿತ್ತು, ಆದರೆ ನಮ್ಮಂಥ ಕಾಫಿ ತೋಟದವರ ನಾಲಿಗೆ ಪಕ್ಷಪಾತಿಯಾದುದರಿಂದ ಆ ತೀರ್ಪನ್ನು ಓದುಗರು ನಂಬಬೇಕಾಗಿಲ್ಲ.

ಕೊರತೆಗಳೂ ಇವೆ. ಐದು ಗಂಟೆಗಳ ಲೆಕ್ಕ ಹೋಟೆಲಿನ ಬಾಗಿಲಿನಿಂದ ಆರಂಭವಾಗಿ ಅಲ್ಲಿಗೇ ಮುಗಿಯುವುದರಿಂದ, ಅದರಲ್ಲಿ ಗಣನೀಯ ಭಾಗ ದಾರಿಯಲ್ಲೇ ಕಳೆಯುತ್ತದೆ. ಶಮರೆಲ್‌ನ ಪ್ರವೇಶ ಶುಲ್ಕ ಪ್ರತ್ಯೇಕವೆಂಬುದನ್ನು ಸಣ್ಣ ಅಕ್ಷರಗಳಲ್ಲಿ ಮಾತ್ರ ನಮೂದಿಸಿದ್ದರು. ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ: ರಸ್ತೆಬದಿಯಲ್ಲಿ ಸಿಗುವ ಬೇಳೆ ತುಂಬಿದ ದಾಲ್ ಪುರಿ ಅಗ್ಗವೂ ರುಚಿಕರವೂ ಆಗಿದೆ.

ಕಾಫಿ ಕೊಯ್ಲು ಮುಗಿಸಿ ಫೆಬ್ರುವರಿ, ಮಾರ್ಚ್‌ನಲ್ಲಿ ಹೊರಡುವ ತೋಟದವರು ಗಮನಿಸಬೇಕಾದ ಸಂಗತಿಯೊಂದಿದೆ. ಅದು ಮಾರಿಷಸ್‌ನಲ್ಲಿ ಮಳೆ ಮತ್ತು ಚಂಡಮಾರುತದ ಕಾಲ. ಮೇಲಾಗಿ ಶಿವರಾತ್ರಿಯ ದಿನಗಳಲ್ಲಿ ದ್ವೀಪದ ಎಲ್ಲೆಡೆಯಿಂದ ಭಕ್ತರು ಕಾಲ್ನಡಿಗೆಯಲ್ಲಿ ಗಂಗಾ ತಲಾವ್‌ಗೆ ಬರುವುದರಿಂದ ಆ ದಾರಿಯಲ್ಲಿ ಅರ್ಧ ದಿನದ ಕಾರು ಪ್ರವಾಸ ನಡೆಯುವ ಮಾತಲ್ಲ. ನಮ್ಮಲ್ಲಿ ಮುಂಗಾರು ಹಿಡಿದಿರುವ ಜುಲೈ, ಆಗಸ್ಟ್ ಅಲ್ಲಿ ತಂಪಾದ ಹವೆಯ ತಿಂಗಳುಗಳು; ಕ್ಯೂರ್‌ಪೀಪ್‌ಗಾಗಿ ಹಿರಿಯರಿಗೊಂದು ಸ್ವೆಟರ್ ಇರಲಿ.