ಒಮ್ಮತದ ಸಮಿತಿಗಳಿಗೆ ಒಂದು ದಿನದ ತರಬೇತಿ: ನಮ್ಮ ಅಪಾರ್ಟ್‌ಮೆಂಟಿನ ಅನುಭವ

ನಮ್ಮದು ಬೆಂಗಳೂರಿನ 64 ಮನೆಗಳ ಅಪಾರ್ಟ್‌ಮೆಂಟ್. ಯಾವುದನ್ನೂ ಮತಕ್ಕೆ ಹಾಕುವುದಿಲ್ಲ. ಎಲ್ಲರೂ ಒಪ್ಪಿದ ಮೇಲೆಯೇ ನಿರ್ಧಾರ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗ ಈ ಪದ್ಧತಿಯೇ ನಮ್ಮ ಕೈಕಟ್ಟಿತು. ನೀರಿನ ಸಮಿತಿಯಲ್ಲಿ ಹದಿನಾಲ್ಕು ಮಂದಿ, ಆರು ಸಭೆ, ಆದರೂ ನೀರಿನ ಬಳಕೆ ಅಳೆಯುವ ಒಂದು ಮೀಟರೂ ಬರಲಿಲ್ಲ. ಆಗ ಇಂಥ ಒಮ್ಮತದ ಸಮಿತಿಗಳಿಗೆ ಒಂದು ದಿನದ ತರಬೇತಿ ಕೊಡುವವರನ್ನು ಕರೆಸಿದೆವು.

ಅವರ ಮೊದಲ ಪ್ರಶ್ನೆ: “ಸಮಿತಿಗೆ ವಹಿಸಿದ ಕೆಲಸ ಯಾವುದು, ಹಣ ಎಷ್ಟು, ಗಡುವು ಎಂದು?” ಯಾರಲ್ಲೂ ಉತ್ತರವಿರಲಿಲ್ಲ. ಒಂದೇ ಪುಟದಲ್ಲಿ ಬರೆಸಿದರು: ಐದು ಮಂದಿ, ಎಂಟು ವಾರ, ಎರಡು ಲಕ್ಷದೊಳಗಿನ ಖರ್ಚಿಗೆ ಮತ್ತೆ ಮಹಾಸಭೆ ಬೇಡ.

ನನ್ನ ಮನಸ್ಸಿಗೆ ನಾಟಿದ್ದು ಆಕ್ಷೇಪದ ಪಾಠ. ‘ನನಗೆ ಇಷ್ಟವಿಲ್ಲ’ ಬೇರೆ, ‘ಇದರಿಂದ ಎಲ್ಲರಿಗೂ ಹಾನಿ’ ಬೇರೆ. ತಡೆಯುವ ಹಕ್ಕು ಎರಡನೆಯದಕ್ಕೆ ಮಾತ್ರ. ಮೀಟರ್ ಬೇಡವೆಂದು ಪಟ್ಟು ಹಿಡಿದಿದ್ದ ಮೂರನೇ ಮಹಡಿಯ ಅಜ್ಜಿ, ತಮ್ಮ ಭಯ ಬಿಲ್ಲಿನದು ಎಂದು ಅಂದೇ ಹೇಳಿಕೊಂಡರು. ಮೊದಲ ಮೂರು ತಿಂಗಳು ಅಳತೆ ಮಾತ್ರ, ಬಿಲ್ ಇಲ್ಲ ಎಂದೆವು. ಒಪ್ಪಿದರು.

ಕೊಟ್ಟ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದದ್ದು ದೊಡ್ಡ ಕೊರತೆ. ಹಿರಿಯರಿಗಾಗಿ ರಾತ್ರಿ ಕುಳಿತು ನಾನೇ ಕನ್ನಡದಲ್ಲಿ ಬರೆದುಕೊಟ್ಟೆ. ಏಳನೇ ವಾರ ಮೀಟರ್‌ಗಳು ಕೂತವು.