ಫಿಕ್ಸೆಡ್ ಸ್ಪೋರ್ಟಾ, ಅಡಾಪ್ಟಿವಾ? ಎರಡನ್ನೂ ಓಡಿಸಿ ನೋಡಿದೆ

ಭಾವನ ಕಾರಿನ ಹಿಂದಿನ ಸೀಟಿನಿಂದ ಇಳಿದ ಅಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಇಷ್ಟು ದೊಡ್ಡ ಕಾರು ತಗೊಂಡ್ರಿ, ಸೀಟಿಗೆ ಇನ್ನೊಂಚೂರು ಸ್ಪಂಜ್ ಹಾಕಿಸೋಕಾಗ್ಲಿಲ್ವಾ?" ಅಂದರು. ಭಾವ ನಕ್ಕು ಸುಮ್ಮನಾದರು. ಸೀಟಿನ ತಪ್ಪೇನೂ ಇರಲಿಲ್ಲ. ಆ ಕಾರಿಗೆ ಫಿಕ್ಸೆಡ್ ಸ್ಪೋರ್ಟ್ ಸಸ್ಪೆನ್ಷನ್, ಅಂದರೆ ಬಿಗಿತ ಬದಲಾಗದ ಗಟ್ಟಿ ಸಸ್ಪೆನ್ಷನ್ ಇತ್ತು, ಅಷ್ಟೇ.

ಅದೇ ಸೆಡಾನ್, ಅದೇ ಎಂಜಿನ್ ನಾನೂ ತಗೊಳ್ಳುವುದಿತ್ತು. ಬಣ್ಣ ಐದು ನಿಮಿಷದಲ್ಲಿ ತೀರ್ಮಾನವಾಯಿತು. ಸಸ್ಪೆನ್ಷನ್ ಮಾತ್ರ ಎರಡು ತಿಂಗಳು ತಲೆ ತಿಂದಿತು. ಗೆಳೆಯನೊಬ್ಬನ ಹತ್ತಿರ ಇದೇ ಮಾಡೆಲ್ ಅಡಾಪ್ಟಿವ್, ಅಂದರೆ ರಸ್ತೆಗೆ ತಕ್ಕಂತೆ ಬಿಗಿತ ಬದಲಿಸಿಕೊಳ್ಳುವ ಸಸ್ಪೆನ್ಷನ್ ಜೊತೆಗೆ ಇತ್ತು. ಇಬ್ಬರಿಂದಲೂ ಕಾರು ಇಸಕೊಂಡು ತಲಾ ಎರಡು ವಾರ ಓಡಿಸಿದೆ. ಶೋರೂಮಿನ ಇಪ್ಪತ್ತು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಇದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕೂತವರು ಮಾತು ನಿಲ್ಲಿಸುವುದಿಲ್ಲ, ರಸ್ತೆಯೂ ಅವರೇ ಆರಿಸಿದ್ದು.

ಮೊದಲು ಒಳಗೇನಿದೆ ನೋಡೋಣ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಗುಂಡಿ ಸಿಕ್ಕಾಗ ಕುಗ್ಗುತ್ತದೆ, ಮೇಲೇಳುತ್ತದೆ, ಬಿಟ್ಟರೆ ಹಾಗೇ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ನಿಲ್ಲಿಸುವುದು ಡ್ಯಾಂಪರ್, ಅಂದರೆ ನಾವೆಲ್ಲ ಶಾಕ್ ಅಬ್ಸಾರ್ಬರ್ ಅಂತ ಕರೆಯುವುದು. ಅದರೊಳಗೆ ಎಣ್ಣೆ, ಒಂದು ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ಕಿಂಡಿಗಳು. ಕಿಂಡಿ ಚಿಕ್ಕದಾದಷ್ಟೂ ಎಣ್ಣೆ ಹರಿಯೋದು ಕಷ್ಟ, ಶಾಕ್ ಅಷ್ಟು ಬಿಗಿ.

ಫಿಕ್ಸೆಡ್ ಸ್ಪೋರ್ಟ್‌ನಲ್ಲಿ ಸ್ಪ್ರಿಂಗ್ ಗಿಡ್ಡ ಮತ್ತು ಗಟ್ಟಿ, ಡ್ಯಾಂಪರ್ ಬಿಗಿ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರ್ ಅನ್ನುವ ಸರಳು ಕೂಡ ಸಾಮಾನ್ಯವಾಗಿ ಸ್ವಲ್ಪ ದಪ್ಪ. ಕಾರು ಸುಮಾರು 10ರಿಂದ 20 ಮಿ.ಮೀ. ತಗ್ಗಾಗಿ ನಿಲ್ಲುತ್ತದೆ. ಕಿಂಡಿಯ ಅಳತೆಯನ್ನು ಎಂಜಿನಿಯರ್‌ಗಳು ಒಮ್ಮೆ ತೀರ್ಮಾನಿಸಿದರೆ ಮುಗೀತು, ಕಾರು ಇರುವವರೆಗೂ ಅದೇ. ಅಡಾಪ್ಟಿವ್‌ನಲ್ಲಿ ಆ ದಾರಿಯನ್ನು ಕಾಯುವುದು ಕರೆಂಟಿನಿಂದ ಆಡುವ ಒಂದು ವಾಲ್ವ್. ಬಾಡಿ ಎಷ್ಟು ಮೇಲೆದ್ದಿದೆ, ಚಕ್ರ ಹೇಗೆ ಕುಣಿಯುತ್ತಿದೆ, ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಸೆನ್ಸರ್‌ಗಳು ಹೇಳುತ್ತಿರುತ್ತವೆ. ಕಂಪ್ಯೂಟರ್ ಕೆಲವೇ ಮಿಲಿಸೆಕೆಂಡುಗಳಲ್ಲಿ ಶಾಕ್ ಬಿಗಿ ಮಾಡುತ್ತದೆ, ಸಡಿಲ ಮಾಡುತ್ತದೆ. ಇದೇನು ನಿನ್ನೆ ಮೊನ್ನೆಯ ಆಟವಲ್ಲ. ಟೊಯೋಟಾ 1983ರಲ್ಲೇ ಸೋರರ್ ಕಾರಿಗೆ ಎಲೆಕ್ಟ್ರಾನಿಕ್ ಡ್ಯಾಂಪರ್ ಕೊಟ್ಟಿತ್ತು. 2002ರ ಕ್ಯಾಡಿಲಾಕ್ ಸೆವಿಲ್‌ನಲ್ಲಿ ಬಂದ ಮ್ಯಾಗ್ನರೈಡ್‌ಗಂತೂ ಆಡುವ ವಾಲ್ವೇ ಬೇಡ. ಎಣ್ಣೆಯಲ್ಲೇ ಕಬ್ಬಿಣದ ಸಣ್ಣ ಕಣಗಳಿವೆ, ಪಿಸ್ಟನ್ನಿನೊಳಗಿನ ಕಾಯಿಲ್‌ಗೆ ಕರೆಂಟ್ ಬಿಟ್ಟರೆ ಎಣ್ಣೆಯೇ ಗಟ್ಟಿಯಾಗುತ್ತದೆ.

ಅಡಾಪ್ಟಿವ್ ಅಂದರೆ ಎಲ್ಲವೂ ಬದಲಾಗುತ್ತೆ ಅಂತ ನಾನೂ ನಂಬಿದ್ದೆ. ಕಂಫರ್ಟ್, ಸ್ಪೋರ್ಟ್, ಕಾರೇ ನೋಡಿಕೊಳ್ಳುವ ಆಟೋ ಅಂತ ಮೋಡ್‌ಗಳಿವೆ, ಆದರೆ ಅವುಗಳ ಬಟನ್ ಒತ್ತಿದಾಗ ಸಸ್ಪೆನ್ಷನ್‌ನಲ್ಲಿ ಬದಲಾಗುವುದು ಡ್ಯಾಂಪರ್ ಮಾತ್ರ. ಸ್ಪ್ರಿಂಗ್ ಅದೇ, ಬಾರ್ ಅದೇ. ಸ್ಪ್ರಿಂಗ್ ಬದಲು ಗಾಳಿಚೀಲ ಇರುವ ಏರ್ ಸಸ್ಪೆನ್ಷನ್ ಕಾರುಗಳ ಕಥೆ ಬೇರೆ, ಅದು ಇಲ್ಲಿ ಬೇಡ.

ಈಗ ನಾನು ಮಾಡಿದ ತಪ್ಪು. ಮೊದಲ ವಾರವೇ ಅಡಾಪ್ಟಿವ್ ಗೆದ್ದಿತು ಅಂತ ಬರೆದಿಟ್ಟುಕೊಂಡಿದ್ದೆ. ಭಾವನ ಕಾರಿನಲ್ಲಿ ಪ್ರತಿ ಸಣ್ಣ ಗುಂಡಿಯೂ ಬೆನ್ನಿಗೆ ಬಂದು ಹೊಡೆಯುತ್ತಿತ್ತು. ಗೆಳೆಯನ ಕಾರಿನಲ್ಲಿ ಅದೇ ಗುಂಡಿ ದೂರದಲ್ಲೆಲ್ಲೋ 'ದಪ್' ಅಂದ ಹಾಗಿತ್ತು. ಆಮೇಲೆ ಒಂದು ದಿನ ಟೈರಿನ ಪಕ್ಕ ಬರೆದಿದ್ದನ್ನು ಓದಿದೆ. ಗೆಳೆಯನದು 225/45, 18 ಇಂಚು. ಭಾವನದು 225/40, 19 ಇಂಚು. ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಟೈರಿನ ಪಕ್ಕದ ಎತ್ತರ ಆ ಅಗಲದ ಶೇಕಡ ಎಷ್ಟು ಅಂತ, ಇಂಚು ರಿಮ್ಮಿನದು. ಅಂದರೆ ಒಂದರಲ್ಲಿ ರಿಮ್‌ಗೂ ರಸ್ತೆಗೂ ನಡುವೆ 101 ಮಿ.ಮೀ. ಟೈರು, ಇನ್ನೊಂದರಲ್ಲಿ 90. ಸಾಲದ್ದಕ್ಕೆ ಭಾವ ಗಾಳಿಯನ್ನೂ ಬೇಕಾದ್ದಕ್ಕಿಂತ ಜಾಸ್ತಿ ಹೊಡೆಸಿದ್ದರು. ನಾನು ಎರಡು ವಾರ ಹೋಲಿಸಿದ್ದು ಸಸ್ಪೆನ್ಷನ್ ಅಲ್ಲ, ಟೈರು!

ಒಂದೇ ಮಾಡೆಲ್ ಆದ್ದರಿಂದ ಚಕ್ರಗಳು ಅದಲು ಬದಲಾಗಿ ಕೂರುತ್ತವೆ. ಒಂದು ಭಾನುವಾರ ಎರಡೂ ಕಾರನ್ನು ಜಾಕ್ ಮೇಲೆ ಎತ್ತಿದೆವು. ತಮ್ಮ ಹೊಳೆಯುವ 19 ಇಂಚಿನ ರಿಮ್ ಬಿಚ್ಚುವಾಗ ಭಾವನ ಮುಖ ನೋಡಬೇಕಿತ್ತು. "ಗೀರು ಬಿದ್ರೆ ನೀನೇ ಜವಾಬ್ದಾರಿ" ಅಂತ ಮೂರು ಸಲ ಹೇಳಿದರು. ಗಾಳಿ ಎರಡರಲ್ಲೂ ಬಾಗಿಲಿನ ಚೀಟಿಯಲ್ಲಿ ಇದ್ದಷ್ಟೇ ಇಟ್ಟೆವು.

18 ಇಂಚಿನ ಚಕ್ರ ಹಾಕಿದ ಮೇಲೆ ಭಾವನ ಕಾರು ಬೇರೆಯದೇ ಆಯಿತು. ಸಣ್ಣ ಏಟುಗಳಲ್ಲಿ ಅರ್ಧಕ್ಕರ್ಧ ಮಾಯ. ಈ ಕಡೆ 19 ಇಂಚಿನ ಚಕ್ರ ಸಿಕ್ಕ ಅಡಾಪ್ಟಿವ್ ಕಾರು ಕಂಫರ್ಟ್ ಮೋಡ್‌ನಲ್ಲೂ ಟಕ್ ಟಕ್ ಅನ್ನತೊಡಗಿತು. ರಸ್ತೆಯ ಚೂಪು ಏಟು ಮೊದಲು ತಿನ್ನುವುದು ಟೈರು. ಅದು ನುಂಗದೇ ಬಿಟ್ಟಿದ್ದನ್ನು ಡ್ಯಾಂಪರ್ ಎಷ್ಟೇ ಜಾಣನಾದರೂ ಪೂರ್ತಿ ಮುಚ್ಚಿಡಲಾರದು. ಪಂಕ್ಚರ್ ಆದರೂ ಓಡುವ ರನ್-ಫ್ಲಾಟ್ ಟೈರಾದರೆ ಇನ್ನೂ ಕಷ್ಟ, ಅದರ ಪಕ್ಕಗಳೇ ಗಟ್ಟಿ. ಅಡಾಪ್ಟಿವ್, ಚಿಕ್ಕ ರಿಮ್ ಇವೆರಡರಲ್ಲಿ ಒಂದೇ ಸಾಕು ಅನ್ನುವವರು ಮೊದಲು ಚಿಕ್ಕ ರಿಮ್ ಕೇಳಲಿ, ಅದರಿಂದ ಹಣವೂ ಉಳಿಯುತ್ತದೆ.

ಇನ್ನರ್ಧ ಉಳಿಯಿತಲ್ಲ, ಅದು ನಿಜವಾದ ಸಸ್ಪೆನ್ಷನ್ ವ್ಯತ್ಯಾಸ. ಎರಡಕ್ಕೂ ಸರದಿಯ ಮೇಲೆ ಅದೇ 18 ಇಂಚಿನ ಚಕ್ರ ಹಾಕಿ ಅದನ್ನು ಹುಡುಕಿದೆ. ನನ್ನ ಮೀಟರು ಒಂದು ನೀರಿನ ಬಾಟಲಿ. ಅರ್ಧ ತುಂಬಿಸಿ, ಹಿಂದಿನ ಸೀಟಿನ ಆರ್ಮ್‌ರೆಸ್ಟ್‌ನಲ್ಲಿ ನಿಲ್ಲಿಸಿ, ಅದರ ಎದುರು ಮೊಬೈಲ್ ಕಟ್ಟಿ ವಿಡಿಯೊ ಮಾಡಿದೆ. ತಮಾಷೆ ಅನ್ನಿಸಬಹುದು. ಆದರೆ ಸ್ಟೀರಿಂಗ್ ಹಿಡಿದವನಿಗೆ ಗೊತ್ತಾಗದ್ದನ್ನು ಬಾಟಲಿ ಹೇಳುತ್ತದೆ.

ಸೇತುವೆಯ ಕೀಲುಗಳ ಮೇಲೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದಾಗ ಎರಡರಲ್ಲೂ ನೀರು ಮೇಲಿಂದ ಸಣ್ಣಗೆ ನಡುಗಿತು. ಫಿಕ್ಸೆಡ್‌ನಲ್ಲಿ ಕೊಂಚ ಜಾಸ್ತಿ, ಅಷ್ಟೇ. ಮುಂದೆ ಅಲೆಅಲೆಯಾಗಿ ಕುಸಿದ ಹಳೆಯ ಕಾಂಕ್ರೀಟ್ ರಸ್ತೆ ಬಂತು. ಅಲ್ಲಿ ಕಂಫರ್ಟ್ ಮೋಡ್‌ನ ಬಣ್ಣ ಬಯಲಾಯಿತು. ಕಾರು ಒಂದು ಅಲೆ ಹತ್ತಿ ಇಳಿದು, ನಿಲ್ಲದೆ ಇನ್ನೊಂದು ಸಲ ತೂಗಿತು. ನೀರು ಬಾಟಲಿಯೊಳಗೆ ಆ ಕಡೆಯಿಂದ ಈ ಕಡೆಗೆ ದೊಡ್ಡದಾಗಿ ವಾಲಿತು. ಫಿಕ್ಸೆಡ್ ಸ್ಪೋರ್ಟ್ ಅದೇ ಅಲೆಯನ್ನು ಒಂದೇ ಏಟಿಗೆ ಮುಗಿಸಿ ನೆಟ್ಟಗೆ ನಿಂತಿತು. ಅಡಾಪ್ಟಿವ್ ಕಾರನ್ನು ಆಟೋ ಮೋಡ್‌ಗೆ ಹಾಕಿದೆ. ಅದು ಮೊದಲ ಅಲೆಯಲ್ಲಿ ಸ್ವಲ್ಪ ತೂಗಿ, ಎರಡನೆಯದಕ್ಕೆ ಬಿಗಿ ಹಿಡಿಯಿತು. ಮೂರರಲ್ಲಿ ನನಗೆ ಹಿಡಿಸಿದ್ದು ಇದೇ.

ಇದರ ಹಿಂದೆ ಸಣ್ಣ ಲೆಕ್ಕವಿದೆ. ಕಾರಿನ ಬಾಡಿ ತನ್ನಷ್ಟಕ್ಕೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಮೇಲೆ ಕೆಳಗೆ ಆಡುತ್ತದೆ. ಚಕ್ರದ ಕುಣಿತ ಸೆಕೆಂಡಿಗೆ 10ರಿಂದ 15 ಸಲ. ಕೂತ ಮನುಷ್ಯನ ಮೈಗೆ ಅತಿ ಜಾಸ್ತಿ ತಾಗುವುದು ಈ ಎರಡರ ನಡುವೆ, ಸೆಕೆಂಡಿಗೆ 4ರಿಂದ 8 ಸಲದ ಅದುರು. ಬಾಡಿ ತೂಗದಂತೆ ಹಿಡಿಯಬೇಕಾದರೆ ಡ್ಯಾಂಪರ್ ಬಿಗಿ ಇರಬೇಕು. ಆ ನಡುವಿನ ಅದುರು ಮೈಗೆ ಬರಬಾರದು ಅಂದರೆ ಸಡಿಲ ಇರಬೇಕು. ಫಿಕ್ಸೆಡ್ ಇದರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಸಹಿಸಿಕೊಳ್ಳುತ್ತದೆ. ಅಡಾಪ್ಟಿವ್ ಆಯಾ ಗಳಿಗೆಗೆ ತಕ್ಕಂತೆ ಎರಡೂ ಕಡೆ ಓಡಾಡುತ್ತದೆ. ಅಮ್ಮನ ಸೊಂಟ ಕೇಳುತ್ತಿದ್ದದ್ದು ಇದನ್ನೇ.

ತಿರುವುಗಳಿಗೆ ಬರೋಣ. ಇಲ್ಲಿ ಭಾವನ ಕಾರು ಖುಷಿ ಕೊಟ್ಟಿತು, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸ್ಟೀರಿಂಗ್ ತಿರುಗಿಸಿದಷ್ಟೇ ತಿರುಗುತ್ತದೆ. ಇವತ್ತು ಹೇಗೋ ನಾಳೆಯೂ ಹಾಗೇ. ಎರಡನೇ ದಿನಕ್ಕೆಲ್ಲ ಕೈಗೆ ಅಭ್ಯಾಸವಾಗಿಬಿಟ್ಟಿತು. ಅಡಾಪ್ಟಿವ್ ಕಾರು ಸ್ಪೋರ್ಟ್ ಮೋಡ್‌ನಲ್ಲಿ ಚುರುಕಾಗಿತ್ತು, ಆದರೆ ಉದ್ದನೆಯ ತಿರುವಿನಲ್ಲಿ ಭಾವನ ಕಾರಿಗಿಂತ ಚೂರು ಜಾಸ್ತಿ ವಾಲಿತು. ಮೊದಲು ನನಗೆ ಅರ್ಥವಾಗಲಿಲ್ಲ, ಸ್ಪೋರ್ಟ್ ಮೋಡ್ ಅಲ್ವಾ ಇದು? ಆಮೇಲೆ ಹೊಳೆಯಿತು. ಡ್ಯಾಂಪರ್ ತಡೆಯುವುದು ಚಲನೆಯನ್ನು. ಕಾರು ವಾಲುತ್ತಿರುವಾಗ ಅದು ನಿಧಾನ ಮಾಡುತ್ತದೆ. ವಾಲಿ ನಿಂತ ಮೇಲೆ ಅದಕ್ಕೆ ಕೆಲಸವಿಲ್ಲ. ಎಷ್ಟು ವಾಲಬೇಕು ಅಂತ ತೀರ್ಮಾನಿಸುವುದು ಸ್ಪ್ರಿಂಗ್ ಮತ್ತು ಆಂಟಿ-ರೋಲ್ ಬಾರ್. ಅದಕ್ಕೇ ಎಡ-ಬಲ-ಎಡ ಅಂತ ಬೇಗ ಬೇಗ ಬರುವ ತಿರುವುಗಳಲ್ಲಿ ಸ್ಪೋರ್ಟ್ ಮೋಡ್ ಚೆನ್ನಾಗಿ ಗೊತ್ತಾಗುತ್ತದೆ, ಉದ್ದ ತಿರುವಿನಲ್ಲಿ ಗೊತ್ತೇ ಆಗುವುದಿಲ್ಲ. ಕೆಲವು ಕಂಪನಿಗಳು ಅಡಾಪ್ಟಿವ್ ಪ್ಯಾಕೇಜಿಗೂ ಗಿಡ್ಡ ಸ್ಪ್ರಿಂಗ್ ಕೊಡುತ್ತವೆ. ನಿಮ್ಮ ಕಾರಿನದು ಹೇಗೆ ಅಂತ ಆರ್ಡರ್ ಕೊಡುವ ಮುಂಚೆ ಕೇಳಿ.

ಒಂದು ಪರೀಕ್ಷೆ ನನ್ನ ಜಂಭ ಇಳಿಸಿತು. ಸ್ಕ್ರೀನ್ ಮುಚ್ಚಿ, ಗೆಳೆಯನಿಗೆ ಪಕ್ಕದಲ್ಲಿ ಕೂತು ಮೋಡ್ ಬದಲಿಸಲು ಹೇಳಿದೆ. ಸ್ಟೀರಿಂಗ್, ಎಂಜಿನ್ ಎರಡನ್ನೂ ಕಂಫರ್ಟ್‌ನಲ್ಲೇ ಇಟ್ಟು, ಡ್ಯಾಂಪರ್ ಮಾತ್ರ ಕಂಫರ್ಟ್, ಸ್ಪೋರ್ಟ್ ನಡುವೆ ಬದಲಿಸುವುದು. ಕೆಟ್ಟ ರಸ್ತೆಯಲ್ಲಿ ಹತ್ತಕ್ಕೆ ಒಂಬತ್ತು ಸಲ ಸರಿ ಹೇಳಿದೆ. ನುಣುಪಾದ ಹೆದ್ದಾರಿಯಲ್ಲಿ ಹತ್ತಕ್ಕೆ ಐದು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಸ್ಪೋರ್ಟ್ ಒತ್ತಿದ ಕೂಡಲೇ ಕಾರು ಬದಲಾಯಿತು ಅನ್ನಿಸುತ್ತದಲ್ಲ, ಅದರಲ್ಲಿ ಎಷ್ಟೋ ಭಾಗ ಆಕ್ಸಿಲರೇಟರ್ ಮತ್ತು ಗೇರ್‌ನದ್ದು, ಸಸ್ಪೆನ್ಷನ್‌ದಲ್ಲ.

ತುಂಬಿದ ಕಾರಿನಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ. ಐದು ಜನ, ಡಿಕ್ಕಿ ತುಂಬ ಲಗೇಜು. ತಗ್ಗಾಗಿ ನಿಂತ ಭಾವನ ಕಾರಿಗೆ ಮೇಲೆ ಕೆಳಗೆ ಆಡಲು ಮೊದಲೇ ಜಾಗ ಕಡಿಮೆ. ಒಂದು ದೊಡ್ಡ ಹಂಪ್ ಇಳಿಯುವಾಗ ಹಿಂದಿನ ಸಸ್ಪೆನ್ಷನ್ ಪೂರ್ತಿ ಕುಗ್ಗಿ, ಬಂಪ್ ಸ್ಟಾಪ್ ಅನ್ನುವ ರಬ್ಬರ್ ತುಂಡಿಗೆ ಹೋಗಿ ಧಡಕ್ಕನೆ ತಾಗಿತು. ಹಿಂದೆ ಕೂತ ಮೂವರೂ ಒಟ್ಟಿಗೆ "ಅಯ್ಯೋ" ಅಂದರು. ಅದೇ ಹಂಪ್ ಮೇಲೆ ಅಡಾಪ್ಟಿವ್ ಕಾರು ಕೊನೆಗೆ ಬಿಗಿಯಾಗಿ ಮೆತ್ತಗೆ ನಿಂತಿತು. ಒಬ್ಬರೇ ಓಡಿಸುವವರಿಗೆ ಈ ವ್ಯತ್ಯಾಸ ಒಂದು ದಿನವೂ ಕಾಣುವುದಿಲ್ಲ.

ವಯಸ್ಸಾದ ಮೇಲಿನ ಮಾತು ಬೇರೆ. ಫಿಕ್ಸೆಡ್ ಡ್ಯಾಂಪರ್ ಸೋರಿದರೆ ಯಾವ ಮೆಕ್ಯಾನಿಕ್ ಬೇಕಾದರೂ ಬದಲಿಸಬಹುದು, ಬೇರೆ ಕಂಪನಿಯ ಒಳ್ಳೆಯ ಡ್ಯಾಂಪರ್‌ಗಳೂ ಸಿಗುತ್ತವೆ. ಅಡಾಪ್ಟಿವ್ ಡ್ಯಾಂಪರ್ ಅದರ ಹಲವು ಪಟ್ಟು ದುಬಾರಿ. ಒಂದು ಹೋದರೆ ಆ ಆಕ್ಸಲ್‌ನ ಎಡ-ಬಲ ಜೋಡಿಯನ್ನೇ ಬದಲಿಸುವುದು ಒಳ್ಳೆಯದು. ಜೊತೆಗೆ ವೈರ್, ಎತ್ತರ ಅಳೆಯುವ ಸೆನ್ಸರ್. ಗೆಳೆಯನ ಕಾರಿನಲ್ಲೇ ಆರನೇ ವರ್ಷಕ್ಕೆ ಹಿಂದಿನ ಒಂದು ಡ್ಯಾಂಪರ್ ಸೋರಿತ್ತು. ಖರ್ಚು ಉಳಿಸೋಣ ಅಂತ ಸಾದಾ ಡ್ಯಾಂಪರ್ ಹಾಕಿಸಲು ಹೋದ. ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ ಹತ್ತಿ ಕೂತಿತು. ಕೊನೆಗೆ ಅಸಲಿಯನ್ನೇ ಹಾಕಿಸಿ, ಎರಡೂ ಖರ್ಚು ಮಾಡಿಕೊಂಡ. ಹತ್ತು ವರ್ಷ ಇಟ್ಟುಕೊಳ್ಳುವವರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು, ಇದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಭಾವ ಇದನ್ನೆಲ್ಲ ಕೇಳಿ, "ಬಟನ್ ಒತ್ತಿದ್ರೆ ರಸ್ತೆ ಸರಿಹೋಗುತ್ತೇನೋ?" ಅಂದರು. ಅವರು ಓಡಾಡುವುದು ಒಬ್ಬರೇ, ತಿರುವು ಕಂಡರೆ ಜೀವ ಬರುತ್ತದೆ, ಕಾರಿನಲ್ಲಿ ಯಾವ ಮೆನುವಿನೊಳಗೂ ಹೋಗುವವರಲ್ಲ. ಅವರಿಗೆ ಫಿಕ್ಸೆಡ್ ಸ್ಪೋರ್ಟೇ ಸರಿ. ನಾನು ಹೇಳಿದ್ದು ಇಷ್ಟೇ: ಆ 19 ಇಂಚಿನ ರಿಮ್ ಮಾರಿಬಿಡಿ. ಕೇಳಲಿಲ್ಲ.

ನನ್ನ ಕಾರಿನಲ್ಲಿ ವಾರಕ್ಕೆ ಮೂರು ದಿನ ಹಿಂದಿನ ಸೀಟಿನಲ್ಲಿ ಅಮ್ಮ ಇರುತ್ತಾರೆ, ಉಳಿದ ದಿನ ನಾನೊಬ್ಬನೇ. ಅಡಾಪ್ಟಿವ್ ಜೊತೆಗೆ 18 ಇಂಚಿನ ಚಕ್ರ ತಗೊಂಡೆ. ಕಂಫರ್ಟ್ ಮೋಡ್ ಮುಟ್ಟುವುದೇ ಇಲ್ಲ, ಆಟೋದಲ್ಲೇ ಬಿಟ್ಟಿರುತ್ತೇನೆ. ಸ್ಪೋರ್ಟ್ ಯಾವಾಗಾದರೊಮ್ಮೆ, ರಸ್ತೆ ತಿರುಚಿಕೊಂಡಿದ್ದರೆ.

ಕಾರು ಬಂದ ಮೊದಲ ವಾರ ಭಾವ ಹಿಂದೆ ಕೂತು ಬಂದರು. ಹೆದ್ದಾರಿ ನುಣ್ಣಗಿತ್ತು. ಅರ್ಧ ಗಂಟೆ ಆದ ಮೇಲೆ, "ಒಪ್ಕೊಂಡೆ ಕಣೋ, ನಿನ್ನ ಕಂಫರ್ಟ್ ಮೋಡ್ ಚೆನ್ನಾಗೇ ಇದೆ" ಅಂದರು. ಸ್ಕ್ರೀನ್ ಕಡೆ ಕಣ್ಣು ಹಾಯಿಸಿದೆ. ಹೆದ್ದಾರಿಗೆ ಬರುವ ಮುಂಚೆ ತಿರುವುಗಳಲ್ಲಿ ಸ್ಪೋರ್ಟ್‌ಗೆ ಹಾಕಿದ್ದೆ, ತೆಗೆಯಲು ಮರೆತಿದ್ದೆ. ಸುಮ್ನೆ "ಹೂಂ ಭಾವ" ಅಂದೆ.