ಮೈಸೂರಿನಲ್ಲಿ ಎರಡು ರಾತ್ರಿ: ಮಾರ್ಕೆಟ್ ಲಾಡ್ಜೋ, ಗೋಕುಲಂ ಹೋಮ್‌ಸ್ಟೇಯೋ, ಚಾಮುಂಡಿಪುರಂ ಹಳೇ ಮನೆಯೋ?

ಬೆಂಗಳೂರಿನವರಿಗೆ ಮೈಸೂರು ಅಂದರೆ ಒಂದು ದಿನದ ಊರು. ನಸುಕಿಗೇ ಹೊರಟು ಅರಮನೆ, ಝೂ, ಬೆಟ್ಟ ಮೂರನ್ನೂ ಒಂದೇ ಹಗಲಿಗೆ ತುರುಕಿ, ರಾತ್ರಿ ಹತ್ತಕ್ಕೆ ಕೆಂಗೇರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬೈದುಕೊಳ್ಳುವುದು. ನಾನೂ ಹದಿನೈದು ವರ್ಷ ಅದನ್ನೇ ಮಾಡಿದವಳು. ಈಚೆಗೆ ಮೂರು ಸಲ ಹೋಗಿ ಎರಡೆರಡು ರಾತ್ರಿ ಉಳಿದೆ, ಮೂರು ಬೇರೆ ಬೇರೆ ಬಡಾವಣೆಯಲ್ಲಿ. ರಾತ್ರಿಗೆ ಎರಡು ಸಾವಿರ ದಾಟಬಾರದು, ಮತ್ತು ಬಾಗಿಲು ತೆಗೆದರೆ ಮೈಸೂರು ಕಾಣಬೇಕು. ಇವೆರಡೇ ಷರತ್ತು. ಎರಡನೆಯ ಷರತ್ತು ಇಲ್ಲದಿದ್ದರೆ ರಿಂಗ್ ರೋಡಿನಲ್ಲಿ ಬೇಕಾದಷ್ಟು ಗಾಜಿನ ಹೋಟೆಲುಗಳಿವೆ, ಈ ಬರಹ ನಿಮಗೆ ಬೇಡ.

ಮೊದಲ ಸಲ ಒಬ್ಬಳೇ ಹೋದೆ, ವಾರದ ನಡುವೆ. ದೇವರಾಜ ಮಾರ್ಕೆಟ್ ಪಕ್ಕದ ಗಡಿಯಾರ ಗೋಪುರವಾದ ಚಿಕ್ಕ ಗಡಿಯಾರದ ಆಸುಪಾಸಿನ ಒಂದು ಹಳೇ ಲಾಡ್ಜು, ಮೂರನೇ ಮಹಡಿ, ಏಸಿ ಇಲ್ಲದ ರೂಮು, ರಾತ್ರಿಗೆ 1,100 ರೂಪಾಯಿ. ಆ್ಯಪಿನಲ್ಲಿ ‘ಪ್ಯಾಲೇಸ್ ವ್ಯೂ’ ಅಂತ ಹಾಕಿದ್ದರು. ಕಿಟಕಿಯಿಂದ ಸೊಂಟದ ತನಕ ಹೊರಗೆ ಬಾಗಿ ಎಡಕ್ಕೆ ಕತ್ತು ತಿರುಗಿಸಿದರೆ ಎರಡು ಸಿಂಟೆಕ್ಸ್ ಟ್ಯಾಂಕಿನ ನಡುವೆ ಒಂದು ಗೋಪುರದ ತುದಿ ಕಾಣುತ್ತಿತ್ತು. ಕೌಂಟರಿನವನನ್ನು ಕೇಳಿದರೆ, ‘ಕಾಣ್ತದಲ್ಲ ಮೇಡಂ, ಸುಳ್ಳೇನು ಹೇಳಿಲ್ಲ’ ಅಂದ. ಲಿಫ್ಟ್ ಇಲ್ಲ. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು, ಅದೂ ನೆಲಮಹಡಿಯವರು ಬಿಟ್ಟರೆ ಉಂಟು. ಟವೆಲ್ ಕೇಳಿದ್ದಕ್ಕೆ ಕೊಟ್ಟ ಬಟ್ಟೆಯಲ್ಲಿ ಈಚೆ ಕಡೆಯ ಬೆಳಕು ಆಚೆ ಕಾಣುತ್ತಿತ್ತು.

ಇಷ್ಟೆಲ್ಲ ಬೈದ ಮೇಲೂ ಆ ಲಾಡ್ಜಿನ ಬೆಳಗಿನ ಜಾವ ನನ್ನನ್ನು ಬಿಟ್ಟುಹೋಗಿಲ್ಲ. ನಾಲ್ಕೂವರೆಗೆ ಲಾರಿಯ ಹಿಂಬಾಗಿಲು ಧಡಾರನೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಇನ್ನು ನಿದ್ದೆ ಬರುವುದಿಲ್ಲ ಅಂತ ಕೆಳಗಿಳಿದೆ. ದೇವರಾಜ ಮಾರ್ಕೆಟ್ಟಿಗೆ ಹತ್ತು ಗಂಟೆಗೆ ಹೋದವರು ನೋಡುವುದು ಕುಂಕುಮ, ಅರಿಶಿನದ ಗುಡ್ಡೆಗಳನ್ನು ಮತ್ತು ಅವುಗಳ ಫೋಟೊ ತೆಗೆಯುವ ಇನ್ನೊಬ್ಬರನ್ನು. ಆ ಹೊತ್ತಿನಲ್ಲಿ ಅಲ್ಲಿದ್ದದ್ದು ಬಾಳೆಗೊನೆ ಹೊತ್ತವರು, ಬಲ್ಬಿನ ಕೆಳಗೆ ವೀಳ್ಯದೆಲೆಯ ಕಟ್ಟು ಎಣಿಸುವವರು, ಒದ್ದೆ ಗೋಣಿಯ ಮೇಲೆ ಮಲ್ಲಿಗೆ ಸುರಿದುಕೊಂಡು ಕೂತ ಹೆಂಗಸರು. ಒಬ್ಬಾಕೆ ಮೊಳ ಅಳೆಯುತ್ತಿದ್ದಳು: ಮೊಣಕೈಯಿಂದ ನಡುಬೆರಳಿನ ತುದಿಗೆ, ಕೊನೆಯಲ್ಲಿ ಬೆರಳನ್ನು ತುಸು ಒಳಕ್ಕೆ ಮಡಿಸಿ. ಆ ಮಡಿಕೆಯಲ್ಲಿ ಮೊಳಕ್ಕೆ ಎರಡಂಗುಲ ಅವಳಿಗೆ ಉಳಿಯುತ್ತದೆ. ‘ಹೂವು ತಗೊಳ್ಳೋದಾದ್ರೆ ಉದ್ದ ಕೈಯೋಳ ಹತ್ರ ತಗೋಬೇಕು ಕಣೇ’ ಅಂತ ಅಮ್ಮ ಹೇಳುತ್ತಿದ್ದದ್ದು ನೆನಪಾಗಿ ನಗು ಬಂತು. ಮೊಳ ಚಿಕ್ಕದೇ ಇರಲಿ ಅಂತ ಎರಡು ಮೊಳ ತಗೊಂಡೆ.

ಆ ಸುತ್ತಿನಲ್ಲಿ ಕೊರಗೂ ಇದೆ. ಚಿಕ್ಕ ಗಡಿಯಾರದ ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. ಮಾರ್ಕೆಟ್ಟಿನ ಒಂದು ಭಾಗ 2016ರಲ್ಲಿ ಬಿತ್ತು. ಕೆಡವಿ ಕಟ್ಟಬೇಕೋ, ರಿಪೇರಿ ಮಾಡಬೇಕೋ ಅನ್ನುವ ಜಗಳ ವರ್ಷಗಟ್ಟಲೆ ಎಳೆಯಿತು. ಈ ಬೆಳಗಿನ ಜಾವವನ್ನು ನೋಡಬೇಕು ಅಂತಿದ್ದರೆ ಬೇಗ ನೋಡಿಬಿಡಿ.

ಹಳೇ ಲಾಡ್ಜುಗಳ ಇನ್ನೊಂದು ಅನುಕೂಲ ಆ್ಯಪಿನಲ್ಲಿ ಬುಕ್ ಮಾಡುವವರಿಗೆ ಹೊಳೆಯುವುದಿಲ್ಲ: ಬೋರ್ಡಿನ ಮೇಲೆ ‘24 ಗಂಟೆ ಚೆಕ್‌ಔಟ್’ ಅಂತಿರುತ್ತದೆ. ಮಧ್ಯಾಹ್ನದ ಟಿಪ್ಪು ಎಕ್ಸ್‌ಪ್ರೆಸ್ಸಿಗೆ ಹೋದೆ (2022ರಿಂದ ಅದು ಒಡೆಯರ್ ಎಕ್ಸ್‌ಪ್ರೆಸ್, ಬಾಯಿಗೆ ಇನ್ನೂ ರೂಢಿಯಾಗಿಲ್ಲ). ಸಂಜೆ ಆರಕ್ಕೆ ರೂಮು ಹಿಡಿದವಳು ಮೂರನೇ ದಿನ ಸಂಜೆ ಆರಕ್ಕೆ ಬಿಟ್ಟೆ. ಬೇರೆಡೆ ಆಗಿದ್ದರೆ ಬೆಳಿಗ್ಗೆ ಹನ್ನೊಂದಕ್ಕೇ ಬ್ಯಾಗ್ ಕೌಂಟರಿನ ಹಿಂದೆ ಇಟ್ಟು ಬಿಸಿಲಲ್ಲಿ ಅಲೆಯಬೇಕಿತ್ತು.

ಎರಡನೇ ಸಲ ನಮ್ಮ ಯಜಮಾನರ ಜೊತೆ ಗೋಕುಲಂ. ಶನಿವಾರ, ಭಾನುವಾರ, ರಾತ್ರಿಗೆ 1,900. ಫೋಟೊದಲ್ಲಿ ಹೇಗಿತ್ತೋ ಹಾಗೇ ಇತ್ತು: ಕೈತೋಟ, ಬಿದಿರಿನ ಕುರ್ಚಿ, ಬಿಳಿ ಸೊಳ್ಳೆಪರದೆ, ದಿನವಿಡೀ ಬಿಸಿನೀರು. ರಸ್ತೆಗಳು ಅಗಲ, ಮರಗಳು ಜಾಸ್ತಿ, ಹಾರ್ನ್ ಕಡಿಮೆ. ರೂಮಿಗೆ ಮಾತ್ರ ಅಂಕ ಕೊಡುವುದಾದರೆ ಗೋಕುಲಂ ಕಣ್ಣುಮುಚ್ಚಿ ಗೆಲ್ಲುತ್ತದೆ.

ಆದರೆ ಆ ಬಡಾವಣೆಯ ಲಯ ಬೇರೆ. ಪಟ್ಟಾಭಿ ಜೋಯಿಸರು ತಮ್ಮ ಅಷ್ಟಾಂಗ ಯೋಗಶಾಲೆಯನ್ನು 2002ರಲ್ಲಿ ಲಕ್ಷ್ಮೀಪುರಂನಿಂದ ಅಲ್ಲಿಗೆ ತಂದ ಮೇಲೆ ಹೊರದೇಶದವರು ತಿಂಗಳುಗಟ್ಟಲೆ ಬಂದು ಇರುತ್ತಾರೆ. ರೂಮು, ಊಟ, ಸ್ಕೂಟರು ಎಲ್ಲಕ್ಕೂ ವಾರದ ದರ, ತಿಂಗಳ ದರ. ಎರಡು ರಾತ್ರಿಯವರು ಅಲ್ಲಿ ಬಂದುಹೋಗುವ ನೆಂಟರು. ಪಕ್ಕದ ಕೆಫೆಯಲ್ಲಿ ನಮ್ಮವರು ಶುದ್ಧ ಕನ್ನಡದಲ್ಲಿ ‘ಒಂದು ಫಿಲ್ಟರ್ ಕಾಫಿ’ ಅಂದರೆ, ಹುಡುಗ ಇಂಗ್ಲಿಷಿನಲ್ಲಿ ಬಾದಾಮಿ ಹಾಲೋ ಓಟ್ಸ್ ಹಾಲೋ ಅಂತ ಕೇಳಿದ. ಇವರು ಒಂದು ಗಳಿಗೆ ಯೋಚಿಸಿ, ‘ಎಮ್ಮೆದು ಇಲ್ವಾ?’ ಅಂದರು. ಹುಡುಗನಿಗೂ ನಗು ತಡೆಯಲಾಗಲಿಲ್ಲ, ‘ಹಸುದು ಐತೆ ಸಾರ್’ ಅಂದ. ಕಾಫಿ ಚೆನ್ನಾಗಿತ್ತು, ಆದರೆ ಒಂದು ಲೋಟದ ಬೆಲೆಗೆ ಚಾಮುಂಡಿಪುರಂನಲ್ಲಿ ಇಬ್ಬರ ತಿಂಡಿ ಮುಗಿಯುತ್ತಿತ್ತು.

ಗೋಕುಲಂನ ನಿಜವಾದ ತೊಡಕು ದೂರ. ಅರಮನೆ ಸುಮಾರು ಐದು ಕಿಲೋಮೀಟರ್. ಅಷ್ಟೇ ತಾನೇ ಅನ್ನಿಸುತ್ತದೆ. ಆದರೆ ಮೈಸೂರಿನ ದಿನ ಎರಡು ತುಂಡಿನದು. ಬೆಳಿಗ್ಗೆ ಸುತ್ತಿ, ಊಟ ಮಾಡಿ, ಎರಡರಿಂದ ನಾಲ್ಕು ಮಲಗಿ, ಸಂಜೆ ಮತ್ತೆ ಹೊರಡಬೇಕು. ಗೋಕುಲಂನಿಂದ ಹಾಗೆ ಮಾಡಿದರೆ ದಿನಕ್ಕೆ ನಾಲ್ಕು ಆಟೊ. ಎರಡು ದಿನಕ್ಕೆ 940 ರೂಪಾಯಿ ಆಟೊಗೇ ಹೋಯಿತು. ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಮ್ಮೆಗೇ ಹತ್ತಿದಾಗ ಇಡೀ ಮೈದಾನ ‘ಹೋ’ ಅನ್ನುತ್ತದೆ, ಎಷ್ಟನೇ ಸಲ ನೋಡಿದರೂ ನಾನೂ ಅನ್ನುತ್ತೇನೆ. ದೀಪ ಆರಿದ ಮೇಲೆ ಆ ಇಡೀ ಮೈದಾನ ಆಟೊ ಹುಡುಕುತ್ತದೆ. ಮುಕ್ಕಾಲು ಗಂಟೆ ನಿಂತು, ಮೀಟರ್ ಮಾತೇ ಎತ್ತದೆ, ಕೇಳಿದಷ್ಟು ಕೊಟ್ಟು ಹೋದೆವು.

ಗೋಕುಲಂನಲ್ಲಿ ಇದ್ದುದರಿಂದಲೇ ಆದ ಒಂದು ಒಳ್ಳೆಯದನ್ನೂ ಹೇಳಬೇಕು. ಹತ್ತಿರದ ಜಯಲಕ್ಷ್ಮೀಪುರಂನ ಗ್ರೀನ್ ಹೋಟೆಲಿಗೆ ಹೋಗಿ ತೋಟದಲ್ಲಿ ಕೂತು ಬಂದೆವು. ರಾಜಕುಮಾರಿಯರಿಗಾಗಿ ಕಟ್ಟಿಸಿದ ಚಿತ್ತರಂಜನ್ ಅರಮನೆ ಅದು, ಆಮೇಲೆ ಪ್ರೀಮಿಯರ್ ಸ್ಟುಡಿಯೊ ಆಗಿ ಸಿನಿಮಾದವರ ಕೈಯಲ್ಲಿತ್ತು. ಈಗ ಲಾಭವನ್ನು ಸಮಾಜದ ಕೆಲಸಕ್ಕೆ ಕೊಡುವ ಹೋಟೆಲು. ನನ್ನ ಎರಡು ಸಾವಿರದ ಗೆರೆಯ ಆಚೆಗಿದ್ದರೂ, ಗೆರೆ ಸ್ವಲ್ಪ ಸರಿಸಬಲ್ಲವರು ವಿಚಾರಿಸಿ ನೋಡಬಹುದು.

ಮೂರನೇ ಸಲ ಅಮ್ಮನ ಜೊತೆ. ಎಪ್ಪತ್ತೆರಡು ವರ್ಷ, ಮಂಡಿ ನೋವು. ಫೋನಿನಲ್ಲಿ ಅವಳ ಮೊದಲ ಪ್ರಶ್ನೆಯೇ ‘ಮೆಟ್ಟಿಲು ಎಷ್ಟಿದೆಯೇ ಅಲ್ಲಿ?’ ಲಾಡ್ಜು ಅಲ್ಲಿಗೇ ಬಿದ್ದುಹೋಯಿತು. ಪರಿಚಯದವರ ಮೂಲಕ ಚಾಮುಂಡಿಪುರಂನಲ್ಲಿ ಒಂದು ಹಳೇ ಮನೆಯ ಮುಂದಿನ ರೂಮು ಸಿಕ್ಕಿತು, ರಾತ್ರಿಗೆ 1,600. ಹೆಂಚಿನ ಮನೆ, ಜಗಲಿ, ಕಂಬಕ್ಕೆ ಹಬ್ಬಿದ ಮಲ್ಲಿಗೆ ಬಳ್ಳಿ. ನೆಲ ರೆಡ್ ಆಕ್ಸೈಡಿನದು, ಎಷ್ಟೋ ವರ್ಷ ಒರೆಸಿ ಒರೆಸಿ ಮುಖ ಕಾಣುವಷ್ಟು ನುಣುಪಾಗಿತ್ತು. ಅಮ್ಮ ಚಪ್ಪಲಿ ಬಿಟ್ಟವಳೇ ಮಂಚ ಬಿಟ್ಟು ಆ ತಣ್ಣಗಿನ ನೆಲದ ಮೇಲೆ ಕಾಲು ಚಾಚಿ ಕೂತಳು. ರೂಮು ಪಾಸಾಯಿತು ಅಂತ ನನಗೆ ಆಗಲೇ ಗೊತ್ತಾಯಿತು.

ಮನೆಯೊಡತಿ ನಿವೃತ್ತ ಮೇಡಂ. ಆಧಾರ್ ಕಾರ್ಡ್ ನೋಡುವುದಕ್ಕೆ ಮೊದಲೇ ಯಾವೂರು, ಯಾರ ಪೈಕಿ, ಅಳಿಯಂದಿರು ಏನು ಮಾಡುತ್ತಾರೆ ಎಲ್ಲ ವಿಚಾರಿಸಿದರು. ಗೋಕುಲಂನಲ್ಲಿ ಯಾರೂ ಏನನ್ನೂ ಕೇಳಿರಲಿಲ್ಲ, ಅದೂ ಒಂದು ಸುಖವೇ. ಇಲ್ಲಿ ಗೇಟು ಒಂಬತ್ತೂವರೆಗೆ ಮುಚ್ಚುತ್ತದೆ. ಬಚ್ಚಲಿಗೆ ಎತ್ತರದ ಹೊಸ್ತಿಲು, ಅಮ್ಮ ಪ್ರತಿ ಸಲವೂ ನನ್ನ ಹೆಗಲು ಹಿಡಿದೇ ದಾಟಿದಳು. ಮಾಂಸ ಒಳಗೆ ತರುವಂತಿಲ್ಲ. ಲಾಡ್ಜಿನಲ್ಲಿದ್ದಾಗ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿಂದ ಮಟನ್ ಪಲಾವ್ ಕಟ್ಟಿಸಿಕೊಂಡು ಬಂದು ಕಾಟಿನ ಮೇಲೆ ಪೇಪರ್ ಹಾಸಿ ತಿಂದವಳು ನಾನು, ಇಲ್ಲಿ ಅದು ನಡೆಯುವುದಿಲ್ಲ. ‘ಹೊರಗೆ ತಿಂದು ಬನ್ನಿಮ್ಮ, ನಾನೇನೂ ಬಾಯಿ ಮೂಸಿ ನೋಡಲ್ಲ’ ಅಂದರು. ಅಷ್ಟು ನೇರವಾಗಿ ಹೇಳಿದ್ದು ನನಗೆ ಇಷ್ಟವಾಯಿತು.

ಬೆಳಗಿನ ತಿಂಡಿಗೆ ಚಾಮುಂಡಿಪುರಂ ವೃತ್ತದ ಜಿಟಿಆರ್‌ಗೆ ನಡೆದೇ ಹೋದೆವು. ನಜರ್‌ಬಾದಿನ ಮೈಲಾರಿ ದೋಸೆಗೆ ಹೆಸರು ಹೆಚ್ಚು. ಬಾಳೆಲೆ, ಬೆಣ್ಣೆ, ಹತ್ತಿಯ ಹಾಗೆ ಮೆತ್ತಗೆ, ಒಪ್ಪುತ್ತೇನೆ. ಆದರೆ ಅಮ್ಮನಿಗೆ ದೋಸೆ ಅಂದರೆ ಅಂಚು ಗರಿಗರಿ ಇರಬೇಕು, ಅವಳ ಓಟು ಜಿಟಿಆರ್‌ಗೆ. ಅಗ್ರಹಾರದ ಕಡೆಯಿಂದ ಅರಮನೆಗೆ ನನ್ನ ಕಾಲಿಗೆ ಇಪ್ಪತ್ತು ನಿಮಿಷ, ಅಮ್ಮನ ಜೊತೆ ಆದರೆ ಐವತ್ತು ರೂಪಾಯಿ ಆಟೊ. ಬೆಟ್ಟಕ್ಕೆ ಸಿಟಿ ಬಸ್ ಸ್ಟ್ಯಾಂಡಿನಿಂದ 201 ನಂಬರ್ ಬಸ್ಸು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದಾಗಿನಿಂದ ಸಾಮಾನ್ಯ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ದುಡ್ಡಿಲ್ಲ, ಇಬ್ಬರಿಗೂ ಸೊನ್ನೆ ಟಿಕೆಟ್. ಅಮ್ಮ ಆ ಸೊನ್ನೆ ಟಿಕೆಟ್ಟನ್ನು ಮಡಚಿ ಪರ್ಸಿನಲ್ಲಿಟ್ಟಳು, ಯಾಕೆ ಅಂತ ಕೇಳಬೇಡಿ.

ಮಧ್ಯಾಹ್ನ ಎರಡಕ್ಕೆ ವಾಪಸು ಬಂದು ಆ ಕೆಂಪು ನೆಲದ ಮೇಲೆ ಮಲಗಿದೆವು. ಆ ಎರಡು ಗಂಟೆಗೆ ಹೋಲಿಸುವಂಥದ್ದು ಮೂರೂ ಪ್ರವಾಸದಲ್ಲಿ ಇನ್ನೊಂದಿಲ್ಲ.

ಈಗ ದುಡ್ಡಿನ ಮಾತು, ಊಟ ಬಿಟ್ಟು. ಎರಡು ರಾತ್ರಿಯ ರೂಮು, ಓಡಾಟ ಸೇರಿ ಲಾಡ್ಜಿಗೆ 2,360, ಚಾಮುಂಡಿಪುರಂಗೆ 3,510, ಗೋಕುಲಂಗೆ 4,740. ಬುಕ್ ಮಾಡುವಾಗ ಗೋಕುಲಂಗೂ ಚಾಮುಂಡಿಪುರಂಗೂ ರಾತ್ರಿಗೆ ಮುನ್ನೂರರ ವ್ಯತ್ಯಾಸ ಅಂದುಕೊಂಡಿದ್ದೆ. ಉಳಿದದ್ದನ್ನು ಆಟೊ ಸೇರಿಸಿತು. ಆ್ಯಪಿನವರು ಮೊದಲು ತೋರಿಸುವ ದರಕ್ಕೆ ತೆರಿಗೆ, ಅವರ ಫೀಸು ಕೊನೆಗೆ ಸೇರುತ್ತದೆ, ಅದನ್ನೂ ನೋಡಿಕೊಳ್ಳಿ. ದಿನಕ್ಕೆ 7,500ರವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ ಶೇ. 5ಕ್ಕೆ ಇಳಿದಿದೆ. ಹಳೇ ಲೆಕ್ಕದಲ್ಲಿ ಬಿಲ್ ಕೊಟ್ಟರೆ ಕೇಳಿ. ದಸರಾ ಸಮಯಕ್ಕೆ ಮಾತ್ರ ನನ್ನ ಈ ಯಾವ ಅಂಕಿಯೂ ನಿಲ್ಲುವುದಿಲ್ಲ.

ಒಬ್ಬರೇ ಹೋಗುವುದಿದ್ದರೆ, ಮೂರು ಮಹಡಿ ಹತ್ತುವ ಕಾಲಿದ್ದರೆ, ಒಂದು ರಾತ್ರಿಗೆ ಮಾರ್ಕೆಟ್ ಲಾಡ್ಜು ಹಿಡಿಯಿರಿ, ಟವೆಲ್ ಮನೆಯಿಂದ ಒಯ್ಯಿರಿ. ಒಂದು ವಾರ ಸುಮ್ಮನೆ ಕೂತು ಓದುವ, ಬರೆಯುವ ಯೋಚನೆ ಇದ್ದರೆ ಗೋಕುಲಂ. ಎರಡು ರಾತ್ರಿಗೆ ಅದು ನನ್ನ ಪಟ್ಟಿಯಲ್ಲಿ ಇನ್ನಿಲ್ಲ. ನಮ್ಮವರು ಇದನ್ನು ಒಪ್ಪುವುದಿಲ್ಲ, ಅವರಿಗೆ ಆ ಬಿದಿರಿನ ಕುರ್ಚಿ ಹಿಡಿಸಿತ್ತು.

ಬರುವ ಸಲಕ್ಕೆ ಚಾಮುಂಡಿಪುರಂಗೇ ಫೋನ್ ಮಾಡಿದ್ದೇನೆ. ಬಚ್ಚಲ ಹೊಸ್ತಿಲಿನ ಮಾತು ತೆಗೆದೆ, ಅಮ್ಮನಿಗೆ ಕಷ್ಟವಾಗುತ್ತದೆ ಅಂತ. ‘ಅದಕ್ಕೇನಮ್ಮ, ಒಂದು ಮಣೆ ಇಡಿಸ್ತೀನಿ’ ಅಂದರು. ಆಮೇಲೆ, ‘ಯಜಮಾನ್ರೂ ಬರ್ತಾರಾ? ಅವರಿಗೂ ಹೇಳಿಬಿಡಿ, ಪಾರ್ಸೆಲ್ ಒಂದು ತರೋದು ಬೇಡ.’